ಕಾಂತದ ಹೆಪ್ಪು

ಮಲ್ಪೆ ಬಂದರಿಗೆ ಆಗಸ್ಟ್ ತಿಂಗಳೆಂದರೆ ಹೊಸ ವರ್ಷ ಇದ್ದ ಹಾಗೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳ ಹಗ್ಗ ಬಿಚ್ಚುವ ಕಾಲ ಅದು. ಎರಡು ತಿಂಗಳು ಮಳೆಗೂ ಉಪ್ಪುಗಾಳಿಗೂ ಒಡ್ಡಿಕೊಂಡು ಸುಮ್ಮನೆ ನಿಂತಿದ್ದ ಎಂಜಿನ್ನುಗಳು ಕೆಮ್ಮಿ ಎಚ್ಚರಾಗುತ್ತವೆ. ಅಂಥ ಒಂದು ಆಗಸ್ಟಿನಲ್ಲಿ ನನ್ನ ಹತ್ತಿರದ ಸಂಬಂಧಿಕರೊಬ್ಬರ ಟ್ರಾಲ್ ಬೋಟು ಮೊದಲ ಸಲ ಕಡಲಿಗೆ ಹೋದದ್ದೇ ಬ್ಯಾಟರಿ ಸತ್ತು ಹಿಂದೆ ಬಂತು.

ಡೀಸೆಲ್ ಎಂಜಿನ್ ಒಮ್ಮೆ ಶುರುವಾಯಿತೆಂದರೆ ಓಡುತ್ತಾ ಇರಲು ಅದಕ್ಕೆ ಬ್ಯಾಟರಿ ಬೇಕಿಲ್ಲ. ಆದರೆ ಇವತ್ತಿನ ಬೋಟಿಗೆ ಎಂಜಿನ್ ಒಂದೇ ಸಾಲದು. ದಾರಿ ಹೇಳುವ ಜಿಪಿಎಸ್, ನೀರಿನಡಿಯ ಮೀನಿನ ಹಿಂಡು ತೋರಿಸುವ ಫಿಶ್ ಫೈಂಡರ್, ಪಕ್ಕದ ಬೋಟಿನೊಡನೆ ಮಾತಾಡುವ ವೈರ್‌ಲೆಸ್, ಕತ್ತಲಲ್ಲಿ ದೊಡ್ಡ ಹಡಗು ಬಂದು ಗುದ್ದದಂತೆ ಕಾಯುವ ದೀಪಗಳು, ಇವೆಲ್ಲ ನಂಬಿರುವುದು ಆ 12 ವೋಲ್ಟಿನ ಬ್ಯಾಟರಿಯನ್ನು. ದಡದಿಂದ ದೂರ, ಎಂಟು ಹತ್ತು ದಿನ ನೀರಿನ ಮೇಲೆಯೇ ಇರುವವರಿಗೆ ಬ್ಯಾಟರಿ ಹೋಯಿತೆಂದರೆ ಕಣ್ಣು, ಕಿವಿ, ಬಾಯಿ ಮೂರೂ ಒಟ್ಟಿಗೆ ಹೋದ ಹಾಗೆ.

ಬ್ಯಾಟರಿಗೆ ಉಣ್ಣಿಸುವುದು ಆಲ್ಟರ್ನೇಟರ್. ಎಂಜಿನ್ನಿನ ಬೆಲ್ಟು ಅದನ್ನು ತಿರುಗಿಸುತ್ತದೆ, ತಿರುಗಿದಷ್ಟು ಹೊತ್ತು ಅದು ಕರೆಂಟು ಕೊಡಬೇಕು. ನಮ್ಮವರು ಮೊದಲು ಹೊಸ ಬ್ಯಾಟರಿ ತಂದು ಇಟ್ಟರು. ಮುಂದಿನ ಸಲವೂ ಅದೇ ಗತಿ. ಬೆಲ್ಟು ಜಾರುತ್ತಿರಬಹುದೆಂದು ಬಿಗಿ ಮಾಡಿದರು. ಗುಣ ಕಾಣಲಿಲ್ಲ. ಕೊನೆಗೆ ಆಲ್ಟರ್ನೇಟರನ್ನೇ ಬಿಚ್ಚಿ ಪೇಟೆಯ ರಿಪೇರಿ ಅಂಗಡಿಗೆ ಒಯ್ದರು. ಅಲ್ಲಿ ಬೆಂಚಿನ ಮೇಲೆ ತಿರುಗಿಸಿ ನೋಡಿದರೆ ಚೆನ್ನಾಗಿ 14 ವೋಲ್ಟು ಬಂತು. ತಂದು ಬೋಟಿಗೆ ಕೂರಿಸಿದ ಮೇಲೆ ಮತ್ತೆ ಹಳೆಯ ಕತೆ. ಬೋಟು ನಡೆಸುವ ತಾಂಡೇಲರು ಇನ್ನೊಂದು ವಿಚಿತ್ರ ಹೇಳಿದರು: "ಒಂದೊಂದು ದಿನ ಚಾರ್ಜ್ ಆಗ್ತದೆ, ಒಂದೊಂದು ದಿನ ಆಗುದಿಲ್ಲ. ಆದ ದಿನ ಎಂಜಿನ್ ಬಂದ್ ಮಾಡುವವರೆಗೂ ಸರಿ ಇರ್ತದೆ."

ಬಂದರಿನಲ್ಲಿ ನಾಲ್ಕು ದಶಕ ಬೋಟುಗಳ ವೈರಿಂಗ್ ಕೆಲಸ ಮಾಡಿದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನಾನೂ ಎಂಜಿನ್ ಮನೆಗೆ ಇಳಿದು ಅವರ ಪಕ್ಕ ನಿಂತೆ. ಅವರು ತಂದದ್ದು ಒಂದು ಮೀಟರ್, ಒಂದು ಸ್ಕ್ರೂಡ್ರೈವರ್, ಎರಡು ತುಂಡು ವೈರು, ಅಷ್ಟೇ.

ಎಂಜಿನ್ ನಿಂತಿದ್ದಾಗ ಬ್ಯಾಟರಿ 12.2 ವೋಲ್ಟು ತೋರಿಸಿತು. ಎಂಜಿನ್ ಶುರು ಮಾಡಿಸಿ ನೋಡಿದರು, 12.1. ಚಾರ್ಜ್ ಆಗುತ್ತಿದ್ದರೆ ಅಲ್ಲಿ 13.8ರಿಂದ 14.4ರೊಳಗೆ ಇರಬೇಕಿತ್ತು. ಆಮೇಲೆ ಮೀಟರಿನ ಕಡ್ಡಿಯನ್ನು ಆಲ್ಟರ್ನೇಟರಿನ ಹಿಂಬದಿಯ ದಪ್ಪ ಬೋಲ್ಟಿಗೇ ಮುಟ್ಟಿಸಿದರು. ಅಲ್ಲೂ 12.1. "ಇಲ್ಲಿ 15 ಇದ್ದು ಬ್ಯಾಟರಿಯಲ್ಲಿ 12 ಇದ್ದಿದ್ದರೆ ನಡುವಿನ ವೈರಿನ ತಪ್ಪು ಅಂತ ಹೇಳ್ಬಹುದಿತ್ತು. ಇಲ್ಲಿ ಹುಟ್ಟುದೇ ಇಲ್ಲ," ಎಂದರು. ಎಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಮಾಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಹಿಂದಿನ ಬೇರಿಂಗಿನ ಹತ್ತಿರ ಹಿಡಿದರು. ಒಳಗೆ ತಿರುಗುವ ಸುರುಳಿಗೆ, ಅಂದರೆ ರೋಟರಿಗೆ, ಕರೆಂಟು ಸಿಕ್ಕಿದ್ದರೆ ಅದು ಕಾಂತವಾಗಿ ಸ್ಕ್ರೂಡ್ರೈವರನ್ನು ಸಣ್ಣಗೆ ಎಳೆಯಬೇಕು. ಎಳೆಯಲಿಲ್ಲ.

"ಮಾಷ್ಟ್ರೇ, ಒಳಗೆ ಕಾಂತವೇ ಇಲ್ಲ. ಕಾಂತ ಇಲ್ಲದೆ ಕರೆಂಟಿಲ್ಲ, ಕರೆಂಟಿಲ್ಲದೆ ಕಾಂತ ಇಲ್ಲ. ಹಾಗಾದ್ರೆ ಮೊದಲಿನ ಕಾಂತ ಎಲ್ಲಿಂದ ಬರ್ಬೇಕು, ಹೇಳಿ?"

ಮೂವತ್ತು ವರ್ಷ ಫ್ಯಾರಡೆಯ ನಿಯಮವನ್ನು ಬೋರ್ಡಿನ ಮೇಲೆ ಬರೆದಿದ್ದೆ. ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ನನಗೆ ಕೇಳಿರಲಿಲ್ಲ, ನಾನೂ ಯಾರಿಗೂ ಕೇಳಿರಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಯುರೋಪು ಇದೇ ಪ್ರಶ್ನೆಯ ಮುಂದೆ ಮೂವತ್ತೈದು ವರ್ಷ ನಿಂತಿತ್ತು. ಅದಕ್ಕೆ ಉತ್ತರ ಸಿಕ್ಕ ಕತೆಯನ್ನು ಹೇಳಿದರೆ ಮಲ್ಪೆಯ ಬೋಟಿನ ತಪ್ಪು ಎಲ್ಲಿತ್ತು ಎಂಬುದೂ ತಾನಾಗಿ ತಿಳಿಯುತ್ತದೆ.

ಒಂದು ಉಂಗುರ, ಒಂದು ಜಗ್ಗು

1831ರ ಆಗಸ್ಟ್ 29. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು ಬೆಳೆದ ಮೈಕೆಲ್ ಫ್ಯಾರಡೆ ಮೆದು ಕಬ್ಬಿಣದ ಒಂದು ಉಂಗುರಕ್ಕೆ ಎರಡು ಕಡೆ ತಂತಿ ಸುತ್ತಿದ್ದರು. ಒಂದು ಸುತ್ತಿಗೆ ಬ್ಯಾಟರಿ ಜೋಡಿಸಿದ ಕ್ಷಣ ಇನ್ನೊಂದು ಸುತ್ತಿನ ಬಳಿಯಿದ್ದ ಸೂಜಿ ಒಮ್ಮೆ ಜಗ್ಗಿ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಬ್ಯಾಟರಿ ತೆಗೆದಾಗ ಇನ್ನೊಮ್ಮೆ ಜಗ್ಗಿತು. ನಡುವೆ ಕರೆಂಟು ಹರಿಯುತ್ತಲೇ ಇದ್ದಾಗ ಸೂಜಿಗೆ ಅಲುಗಾಟವಿಲ್ಲ. ಆ ವರ್ಷದ ಅಕ್ಟೋಬರ್ 17ರಂದು ಅವರು ಸುರುಳಿಯೊಳಕ್ಕೆ ಕಾಂತದ ಸರಳನ್ನು ತೂರಿಸಿ, ಹೊರಗೆಳೆದು ನೋಡಿದರು. ಆಗಲೂ ಸೂಜಿ ಜಗ್ಗಿತು. ಅಕ್ಟೋಬರ್ 28ರಂದು ದೊಡ್ಡ ಕಾಂತದ ಎರಡು ತುದಿಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿದಾಗ ಕರೆಂಟು ನಿಲ್ಲದೆ ಹರಿಯಿತು. ಕಾಂತ ಸುಮ್ಮನಿದ್ದರೆ ಏನೂ ಇಲ್ಲ, ಕಾಂತವೋ ತಂತಿಯೋ ಚಲಿಸಿದರೆ ವಿದ್ಯುತ್ತು. ಇವತ್ತು ಜಗತ್ತಿನ ಬಹುಪಾಲು ವಿದ್ಯುತ್ತು ಹುಟ್ಟುವುದು ಹೀಗೆಯೇ.

ಮರುವರ್ಷವೇ, 1832ರಲ್ಲಿ, ಪ್ಯಾರಿಸ್ಸಿನ ಉಪಕರಣ ತಯಾರಕ ಹಿಪ್ಪೊಲಿಟ್ ಪಿಕ್ಸಿ ಕೈಯಿಂದ ತಿರುಗಿಸುವ ಯಂತ್ರ ಮಾಡಿದರು. ಲಾಳದ ಆಕಾರದ ಕಾಂತವೊಂದು ಸುರುಳಿಗಳ ಕೆಳಗೆ ಸುತ್ತುತ್ತಿತ್ತು. ಆಮೇಲೆ ಬಂದ ಯಂತ್ರಗಳು ದೊಡ್ಡದಾದವು, ಕಾಂತಗಳ ಸಂಖ್ಯೆ ಹೆಚ್ಚಿತು, ಹಬೆ ಎಂಜಿನ್ನು ಬಂದು ಅವನ್ನು ತಿರುಗಿಸಿತು. 1858ರ ಡಿಸೆಂಬರಿನಲ್ಲಿ ಫ್ರೆಡರಿಕ್ ಹೋಮ್ಸ್ ಅವರ ಅಂಥ ಯಂತ್ರದ ಕರೆಂಟಿನಿಂದ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭದಲ್ಲಿ ದೀಪ ಬೆಳಗಿತು. ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಗೆ ವೈಜ್ಞಾನಿಕ ಸಲಹೆಗಾರರಾಗಿದ್ದ ಫ್ಯಾರಡೆಯೇ ಆ ಯಂತ್ರವನ್ನು ಪರೀಕ್ಷಿಸಿದ್ದರು. ತಾವು ಕಂಡ ಸೂಜಿಯ ಜಗ್ಗು ಕಡಲಿನವರಿಗೆ ದಾರಿ ತೋರುವ ಬೆಳಕಾದದ್ದನ್ನು ಅವರು ಕಣ್ಣಾರೆ ಕಂಡರು.

ಆದರೆ ಈ ಯಂತ್ರಗಳಿಗೆಲ್ಲ ಒಂದು ಮಿತಿ ಇತ್ತು. ಅವು ನಂಬಿದ್ದು ಉಕ್ಕಿನ ಶಾಶ್ವತ ಕಾಂತಗಳನ್ನು. ಆ ಕಾಲದ ಉಕ್ಕಿನ ಕಾಂತಗಳು ತೂಕದಲ್ಲಿ ಭಾರಿ, ಬಲದಲ್ಲಿ ಸಣ್ಣವು. ಶಾಖಕ್ಕೆ, ಅದುರಾಟಕ್ಕೆ ಇದ್ದ ಬಲವೂ ಕುಂದುತ್ತಿತ್ತು. ಟನ್ನುಗಟ್ಟಲೆ ಯಂತ್ರ ಕಟ್ಟಿದರೂ ಸಿಗುವ ಕರೆಂಟು ಅಷ್ಟಕ್ಕಷ್ಟೆ.

ಬಲವಾದ ಕಾಂತ ಗೊತ್ತಿರಲಿಲ್ಲವೆಂದಲ್ಲ. 1825ರಲ್ಲೇ ವಿಲಿಯಂ ಸ್ಟರ್ಜನ್ ಮೆದು ಕಬ್ಬಿಣಕ್ಕೆ ತಂತಿ ಸುತ್ತಿ, ಕರೆಂಟು ಹರಿಸಿ, ತನ್ನ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು ಭಾರ ಎತ್ತುವ ವಿದ್ಯುತ್ಕಾಂತ ಮಾಡಿ ತೋರಿಸಿದ್ದರು. ಆದರೆ ಅದಕ್ಕೆ ಮೊದಲು ಕರೆಂಟು ಕೊಡಬೇಕು. ಆಗ ಕರೆಂಟು ಸಿಗುತ್ತಿದ್ದುದು ಸತುವನ್ನು ಆಮ್ಲಕ್ಕೆ ಉಣಿಸುವ ದುಬಾರಿ ಬ್ಯಾಟರಿಗಳಿಂದ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗಾಗಿತ್ತು. ಹೆಚ್ಚು ಕರೆಂಟು ಬೇಕಾದರೆ ಬಲವಾದ ಕಾಂತ ಬೇಕು, ಬಲವಾದ ಕಾಂತ ಬೇಕಾದರೆ ಕರೆಂಟು ಬೇಕು.

1866ರ ಚಳಿಗಾಲ

ಗಂಟನ್ನು ಅರ್ಧ ಬಿಚ್ಚಿದವರು ಮ್ಯಾಂಚೆಸ್ಟರಿನ ಹೆನ್ರಿ ವೈಲ್ಡ್. ಶಾಶ್ವತ ಕಾಂತವಿದ್ದ ಸಣ್ಣ ಯಂತ್ರವೊಂದನ್ನು ದೊಡ್ಡ ಯಂತ್ರದ ಮೇಲೆ ಕೂರಿಸಿ, ಸಣ್ಣದರ ಕರೆಂಟಿನಿಂದ ದೊಡ್ಡದರ ವಿದ್ಯುತ್ಕಾಂತವನ್ನು ಎಬ್ಬಿಸಿದರು. ದೊಡ್ಡ ಯಂತ್ರದ ಕರೆಂಟು ಕಬ್ಬಿಣದ ಕಡ್ಡಿಯನ್ನೇ ಕರಗಿಸಿತು. 1866ರಲ್ಲಿ ಅವರ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟವರು ವಯಸ್ಸಾಗಿ ಬಳಲಿದ್ದ ಫ್ಯಾರಡೆ. ಆದರೆ ಮೊದಲ ಕಿಡಿಗೆ ಆಗಲೂ ಶಾಶ್ವತ ಕಾಂತವೇ ಬೇಕಿತ್ತು.

ಆ ಚಳಿಗಾಲದಲ್ಲಿ ಒಬ್ಬರಿಗೊಬ್ಬರು ತಿಳಿಯದೆ ಹಲವರು ಒಂದೇ ಮಾತನ್ನು ಕಂಡುಕೊಂಡರು. ಕರೆಂಟು ನಿಲ್ಲಿಸಿದ ಮೇಲೂ ಕಬ್ಬಿಣ ತಾನು ಕಾಂತವಾಗಿದ್ದುದನ್ನು ಪೂರ್ತಿ ಮರೆಯುವುದಿಲ್ಲ. ಮೆದು ಕಬ್ಬಿಣದಲ್ಲೂ ಒಂದು ಚೂರು ಕಾಂತತೆ ಉಳಿದಿರುತ್ತದೆ. ಇದನ್ನು ಶೇಷ ಕಾಂತತೆ ಎನ್ನುತ್ತಾರೆ. ಎಲ್ಲರೂ ಅದನ್ನು ಲೆಕ್ಕಕ್ಕಿಲ್ಲದ ಉಳಿಕೆ ಎಂದು ಬಿಟ್ಟಿದ್ದರು. ಯಂತ್ರ ತಿರುಗಿದಾಗ ಆ ಚೂರು ಕಾಂತತೆಯಿಂದ ಚೂರು ಕರೆಂಟು ಹುಟ್ಟುತ್ತದೆ. ಅದನ್ನು ಹೊರಗೆ ಬಿಡದೆ ಅದೇ ಯಂತ್ರದ ಕಾಂತದ ಸುರುಳಿಗೇ ಮರಳಿ ಉಣಿಸಿದರೆ ಕಾಂತ ಸ್ವಲ್ಪ ಬಲವಾಗುತ್ತದೆ. ಬಲವಾದ ಕಾಂತ ಹೆಚ್ಚು ಕರೆಂಟು ಕೊಡುತ್ತದೆ, ಆ ಕರೆಂಟು ಕಾಂತವನ್ನು ಇನ್ನೂ ಬಲಪಡಿಸುತ್ತದೆ. ಕಬ್ಬಿಣ ಇನ್ನು ತನ್ನಿಂದಾಗದು ಎನ್ನುವವರೆಗೆ ಇದು ಏರುತ್ತಲೇ ಹೋಗುತ್ತದೆ.

ನಮ್ಮ ಅಡುಗೆಮನೆಗಳಲ್ಲಿ ದಿನವೂ ನಡೆಯುವುದು ಇದೇ. ಪಾತ್ರೆ ತುಂಬ ಹಾಲಿಗೆ ನಿನ್ನೆಯ ಮೊಸರು ಒಂದು ಚಮಚ ಸಾಕು, ಬೆಳಗಾಗುವಷ್ಟರಲ್ಲಿ ಅಷ್ಟೂ ಮೊಸರು. ನಾಳೆಗೆ ಹೆಪ್ಪು ಬೇಕೆಂದು ಅಮ್ಮ ತಳದಲ್ಲಿ ಒಂದಿಷ್ಟು ಉಳಿಸುತ್ತಾಳೆ. ಕಬ್ಬಿಣವೂ ನಿನ್ನೆಯ ಓಟದ ಒಂದು ಚಮಚ ಕಾಂತವನ್ನು ಇವತ್ತಿಗೆಂದು ತನ್ನೊಳಗೆ ಉಳಿಸಿಕೊಂಡಿರುತ್ತದೆ.

ಬರ್ಲಿನ್ನಿನಲ್ಲಿ ಇದನ್ನು ಕಂಡವರು ವೆರ್ನರ್ ಸೀಮೆನ್ಸ್. 1866ರ ಡಿಸೆಂಬರಿನಲ್ಲಿ ಅಲ್ಲಿನ ಭೌತವಿಜ್ಞಾನಿಗಳಿಗೆ ಯಂತ್ರವನ್ನು ತಿರುಗಿಸಿ ತೋರಿಸಿದರು. ಅವರ ಪ್ರಬಂಧವನ್ನು 1867ರ ಜನವರಿ 17ರಂದು ಬರ್ಲಿನ್ ಅಕಾಡೆಮಿಯಲ್ಲಿ ಮಂಡಿಸಿದವರು ಗುಸ್ಟಾವ್ ಮಾಗ್ನುಸ್. ಇತ್ತ ಇಂಗ್ಲೆಂಡಿನಲ್ಲಿ ಟೆಲಿಗ್ರಾಫ್ ಕೆಲಸದ ಆಲ್‌ಫ್ರೆಡ್ ವಾರ್ಲಿ ಇದೇ ತತ್ವದ ಪೇಟೆಂಟಿಗೆ 1866ರ ಡಿಸೆಂಬರ್ 24ರಂದೇ ಅರ್ಜಿ ಹಾಕಿದ್ದರು. 1867ರ ಫೆಬ್ರವರಿ 14ರಂದು ಲಂಡನ್ನಿನ ರಾಯಲ್ ಸೊಸೈಟಿಯ ಒಂದೇ ಸಭೆಯಲ್ಲಿ ಈ ವಿಷಯದ ಎರಡು ಪ್ರಬಂಧಗಳು ಬಂದವು. ಒಂದು ವೆರ್ನರ್ ಅವರ ತಮ್ಮ ವಿಲಿಯಂ ಸೀಮೆನ್ಸರದು, ಇನ್ನೊಂದು ಚಾರ್ಲ್ಸ್ ವೀಟ್‌ಸ್ಟನ್ನರದು. ಸೀಮೆನ್ಸ್ ಯಂತ್ರದ ಕರೆಂಟನ್ನೆಲ್ಲ ಕಾಂತದ ಸುರುಳಿಯ ಮೂಲಕವೇ ಹಾಯಿಸಿದ್ದರು. ವೀಟ್‌ಸ್ಟನ್ ಅದರ ಒಂದು ಪಾಲನ್ನಷ್ಟೇ ಪಕ್ಕದ ಹಾದಿಯಲ್ಲಿ ತಿರುಗಿಸಿದ್ದರು. ನಮ್ಮ ಬೋಟಿನ ಆಲ್ಟರ್ನೇಟರ್ ಇವತ್ತಿಗೂ ಹಿಡಿದಿರುವುದು ಈ ಎರಡನೆಯ ಹಾದಿ.

ಇವರಿಗೂ ಮೊದಲು ಕಂಡವರಿದ್ದರು. ಡೆನ್ಮಾರ್ಕಿನ ಸೋರೆನ್ ಯೋರ್ತ್ 1850ರ ದಶಕದ ನಡುವಿನಲ್ಲೇ ಈ ದಾರಿಯ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಹಂಗೆರಿಯ ಪೆಸ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಕ್ರೈಸ್ತ ಸಂನ್ಯಾಸಿ ಆನ್ಯೋಶ್ ಯೆಡ್ಲಿಕ್ 1861ರ ಹೊತ್ತಿಗೆ ಈ ತತ್ವದ ಯಂತ್ರವನ್ನು ಕಟ್ಟಿ, ಅದನ್ನು ಬಳಸುವ ರೀತಿಯನ್ನು ಪ್ರಯೋಗಾಲಯದ ಸಾಮಾನುಪಟ್ಟಿಯಲ್ಲಿ ಬರೆದಿಟ್ಟಿದ್ದರು. ಪ್ರಕಟಿಸಲಿಲ್ಲ, ಪೇಟೆಂಟನ್ನೂ ಕೇಳಲಿಲ್ಲ. ಹೆಸರು ಯಾರಿಗೆ ಹೆಚ್ಚು ಸಲ್ಲಬೇಕೆಂಬ ವಾದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇದು: ಇವರೆಲ್ಲ ಬೇರೆಯವರು ಸೊನ್ನೆ ಎಂದು ಬಿಟ್ಟದ್ದನ್ನು ಸೊನ್ನೆ ಅಲ್ಲವೆಂದು ಕಂಡರು.

ಈ ಹೊಸ ಯಂತ್ರಕ್ಕೆ ಡೈನಮೋ ಎಂಬ ಹೆಸರು ನಿಂತಿತು. ಮಲ್ಪೆ ಬಂದರಿನ ದಕ್ಕೆಯಲ್ಲಿ ಈಗಲೂ ಆಲ್ಟರ್ನೇಟರನ್ನು "ಡೈನಮೋ" ಎಂದೇ ಕರೆಯುವವರಿದ್ದಾರೆ. ಫ್ಯಾರಡೆ 1867ರ ಆಗಸ್ಟ್ 25ರಂದು ತೀರಿಕೊಂಡರು. ಅವರ ಸೂಜಿಯ ಜಗ್ಗು ಯಾರ ಹಂಗೂ ಇಲ್ಲದೆ ತನ್ನ ಕಾಂತವನ್ನು ತಾನೇ ಬೆಳೆಸಿಕೊಳ್ಳುವ ಯಂತ್ರವಾದ ವರ್ಷವೇ ಅವರು ಹೋದರು.

ಡಯೋಡು ತಂದ ತೊಡಕು

ವಾಹನಗಳಲ್ಲೂ ಬೋಟುಗಳಲ್ಲೂ ಬಹುಕಾಲ ಡೈನಮೋ ಬ್ಯಾಟರಿಗೆ ಉಣ್ಣಿಸಿತು. ನಿಧಾನ ತಿರುಗಿದಾಗ ಅದು ಹೆಚ್ಚು ಕರೆಂಟು ಕೊಡಲಾರದು. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ ಆ ಜಾಗಕ್ಕೆ ಆಲ್ಟರ್ನೇಟರ್ ಬಂತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟ್ ಕಾರಿಗೆ ಅದನ್ನು ಕೂರಿಸಿತು. ಆಲ್ಟರ್ನೇಟರಿನೊಳಗೆ ಹುಟ್ಟುವುದು ಹಿಂದೆ ಮುಂದೆ ಹರಿಯುವ ಕರೆಂಟು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಕೊಡುತ್ತವೆ.

ಇಲ್ಲೇ ಹಳೆಯ ಪ್ರಶ್ನೆ ಮರಳಿ ಬಂತು. ಸಿಲಿಕಾನ್ ಡಯೋಡು ಬಾಗಿಲು ತೆರೆಯಬೇಕಾದರೆ ಸುಮಾರು 0.6ರಿಂದ 0.7 ವೋಲ್ಟು ಬೇಕು. ಕರೆಂಟು ಕಾಂತದ ಸುರುಳಿಗೆ ಮರಳುವ ಹಾದಿಯಲ್ಲಿ ಇಂಥ ಎರಡು ಬಾಗಿಲುಗಳಿವೆ. ಎಂಜಿನ್ ನಿಧಾನವಾಗಿ ಓಡುವಾಗ ಶೇಷ ಕಾಂತತೆ ಹುಟ್ಟಿಸುವ ವೋಲ್ಟೇಜು ಆ ಎರಡನ್ನು ತಳ್ಳಿ ತೆರೆಯುವಷ್ಟಿರುವುದಿಲ್ಲ. ಹೆಪ್ಪು ಇದೆ, ಹಾಲಿಗೆ ಮುಟ್ಟುವುದಿಲ್ಲ. ಅದಕ್ಕೇ ಎಂಜಿನಿಯರುಗಳು ಹೊರಗಿನಿಂದ ಒಂದು ಚಮಚ ಹೆಪ್ಪು ಹಾಕುವ ದಾರಿ ಮಾಡಿದರು. ಕೀ ತಿರುಗಿಸಿದಾಗ ಬ್ಯಾಟರಿಯಿಂದ ಸಣ್ಣ ಕರೆಂಟು, ಸುಮಾರು 0.2 ಆಂಪಿಯರ್, ಆಲ್ಟರ್ನೇಟರಿನ ರೋಟರಿಗೆ ಹರಿಯುತ್ತದೆ. ಅದು ಹಾದುಹೋಗುವ ದಾರಿ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ. ಎರಡು ಮೂರು ವಾಟಿನ ಬಲ್ಬು, ಅಷ್ಟೇ. ಎಂಜಿನ್ ಶುರುವಾಗಿ ಆಲ್ಟರ್ನೇಟರ್ ತಾನೇ ಕರೆಂಟು ಕೊಡತೊಡಗಿದಾಗ ಬಲ್ಬಿನ ಎರಡು ಕಡೆಯೂ ವೋಲ್ಟೇಜು ಸಮವಾಗುತ್ತದೆ, ದೀಪ ಆರುತ್ತದೆ.

ಎಲ್ಲರೂ ಆ ಬಲ್ಬನ್ನು ಚಾರ್ಜ್ ಆಗುತ್ತಿದೆಯೋ ಇಲ್ಲವೋ ಹೇಳುವ ಗುರುತು ಎಂದು ತಿಳಿದಿದ್ದೇವೆ. ಅದು ಗುರುತೂ ಹೌದು, ಹೆಪ್ಪಿನ ಚಮಚವೂ ಹೌದು.

ಎಂಜಿನ್ ಮನೆಗೆ ಮರಳಿ

ಹಿರಿಯರು ಆಲ್ಟರ್ನೇಟರಿನ ಹಿಂದಿನ ಸಣ್ಣ ತುದಿಗೆ, ಬಲ್ಬಿನಿಂದ ಬರುವ ವೈರಿಗೆ, ಮೀಟರ್ ಮುಟ್ಟಿಸಿದರು. ಕೀ ಆನ್ ಇತ್ತು, ಮೀಟರ್ ಸೊನ್ನೆ ತೋರಿಸಿತು. ಮೇಲಕ್ಕೆ ತಲೆ ಎತ್ತಿ ತಾಂಡೇಲರನ್ನು ಕೇಳಿದರು: "ಚಾರ್ಜಿಂಗ್ ಲೈಟು ಹೊತ್ತಿದೆಯಾ ಮಾರಾಯ್ರೇ?"

"ಇಲ್ಲ ಅಣ್ಣ. ಅದು ಈ ಸೀಸನ್ನಿನಲ್ಲಿ ಹೊತ್ತಲೇ ಇಲ್ಲ. ಒಂದು ದಿನವೂ ತೊಂದರೆ ತೋರಿಸಲಿಲ್ಲ."

ಹಿರಿಯರು ಪ್ಯಾನೆಲ್ ಬಿಚ್ಚಿ ಬಲ್ಬನ್ನು ತೆಗೆದು ಬೆಳಕಿಗೆ ಹಿಡಿದರು. ಒಳಗಿನ ಎಳೆ ತುಂಡಾಗಿ ಗಾಜು ಕಪ್ಪಿಟ್ಟಿತ್ತು. ಮಳೆಗಾಲದ ಎರಡು ತಿಂಗಳಲ್ಲಿ ಹೋಲ್ಡರಿಗೂ ಹಸಿರು ಕಿಲುಬು ಹಿಡಿದಿತ್ತು. ಹೋಲ್ಡರನ್ನು ಉಜ್ಜಿ, ಹತ್ತಿಪ್ಪತ್ತು ರೂಪಾಯಿಯ ಹೊಸ ಬಲ್ಬು ಹಾಕಿ ಕೀ ತಿರುಗಿಸಿದರು. ಕೆಂಪು ದೀಪ ಹೊತ್ತಿತು. ಸ್ಕ್ರೂಡ್ರೈವರ್ ಬೇರಿಂಗಿಗೆ ಅಂಟಿತು. ಎಂಜಿನ್ ಶುರುವಾದದ್ದೇ ಬೆಲ್ಟಿನ ದನಿ ಒಂದಿಷ್ಟು ಭಾರವಾಯಿತು, ದೀಪ ಆರಿತು, ಮೀಟರ್ 14.1ಕ್ಕೆ ಹೋಗಿ ನಿಂತಿತು.

ಎಲ್ಲ ವಿಚಿತ್ರಗಳೂ ಒಟ್ಟಿಗೆ ಬಿಡಿಸಿಕೊಂಡವು. ಅಂಗಡಿಯ ಬೆಂಚಿನ ಮೇಲೆ ಆಲ್ಟರ್ನೇಟರ್ ಸರಿ ಇದ್ದದ್ದು ಬೆಂಚು ತನ್ನದೇ ಹೆಪ್ಪು ಕೊಟ್ಟದ್ದರಿಂದ. ಒಂದೊಂದು ದಿನ ಚಾರ್ಜ್ ಆದದ್ದು ಆ ದಿನ ಬೋಟು ಬಂದರು ದಾಟುವಾಗ ಎಂಜಿನ್ನನ್ನು ಜೋರಾಗಿ ಓಡಿಸಿದ್ದರಿಂದ. ಆ ವೇಗಕ್ಕೆ ಕಬ್ಬಿಣದಲ್ಲಿ ಉಳಿದ ಚೂರು ಕಾಂತವೇ ಡಯೋಡುಗಳ ಬಾಗಿಲು ತಳ್ಳಿತ್ತು, ಒಮ್ಮೆ ಎದ್ದ ಕಾಂತ ಎಂಜಿನ್ ನಿಲ್ಲುವವರೆಗೂ ತನ್ನನ್ನು ತಾನೇ ಉಣಿಸಿಕೊಂಡಿತ್ತು. 1867ರಲ್ಲಿ ಬರ್ಲಿನ್ನಿನಲ್ಲೂ ಲಂಡನ್ನಿನಲ್ಲೂ ಓದಿದ ಪ್ರಬಂಧಗಳನ್ನು ಮಲ್ಪೆಯ ಬೋಟು ಒಂದೊಂದು ದಿನ ತಾನೇ ಮಾಡಿ ತೋರಿಸುತ್ತಿತ್ತು. ಅದನ್ನು ಓದುವವರು ಬೇಕಿತ್ತು, ಅಷ್ಟೇ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದದ್ದು ತಾಂಡೇಲರ ಆ ಮಾತು, "ಒಂದು ದಿನವೂ ತೊಂದರೆ ತೋರಿಸಲಿಲ್ಲ." ಹೊತ್ತದ ದೀಪವನ್ನು ನಾವೆಲ್ಲ ಆರೋಗ್ಯದ ಗುರುತೆಂದು ಓದಿದ್ದೆವು. ಎಂಜಿನ್ ಓಡುವಾಗ ದೀಪ ಆರಿರುವುದು ಒಳ್ಳೆಯ ಸುದ್ದಿಯಾಗುವುದು ಓಡುವ ಮೊದಲು ಅದು ಹೊತ್ತಿದ್ದರೆ ಮಾತ್ರ. ಬ್ಯಾಟರಿ, ಬೆಲ್ಟು, ಆಲ್ಟರ್ನೇಟರ್ ಮೂರನ್ನೂ ಸಂಶಯದಿಂದ ನೋಡಿದವರು ಈ ಸಣ್ಣ ಬಲ್ಬಿನ ಮೇಲೆ ಸಂಶಯ ಪಡಲಿಲ್ಲ. ಯುರೋಪಿನ ಪಂಡಿತರು ದೊಡ್ಡ ಕಾಂತಗಳನ್ನು ಹುಡುಕುತ್ತಾ ಕಬ್ಬಿಣದ ತಳದಲ್ಲಿ ಉಳಿದ ಚಮಚವನ್ನು ಬಹುಕಾಲ ನೋಡದೆ ಹೋದದ್ದೂ ಹೀಗೆಯೇ. ದಕ್ಕೆಯ ಹಿರಿಯರು ಶಾಲೆಯಲ್ಲಿ ವೀಟ್‌ಸ್ಟನ್ನರ ಹೆಸರು ಕೇಳಿದವರಲ್ಲ. ಆದರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ಅವರನ್ನು ನಾನು ವೀಟ್‌ಸ್ಟನ್ನರ ಸಾಲಿನವರೆಂದೇ ಗೌರವಿಸುತ್ತೇನೆ.

ಬೋಟು ನಡೆಸುವವರಿಗೆ, ಲಾರಿ ಟ್ರ್ಯಾಕ್ಟರ್ ಓಡಿಸುವವರಿಗೂ ಮೂರು ಮಾತು. ಆ ಬಲ್ಬು ಹೋದರೆ ಅದೇ ವಾಟಿನ ಬಲ್ಬನ್ನೇ ಹಾಕಿ. ಬರೀ ಎಲ್‌ಇಡಿ ಹಾಕಿದರೆ ದೀಪ ಹೊತ್ತುತ್ತದೆ, ಆದರೆ ಅದು ಹಾಯಿಸುವ ಕರೆಂಟು ಹೆಪ್ಪಿಗೆ ಸಾಲದು. ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತು ನೋಡುವ ಹಳೆಯ ಅಭ್ಯಾಸ ಬಿಡಿ. ಆ ಕ್ಷಣದಲ್ಲಿ ಜಿಗಿಯುವ ವೋಲ್ಟೇಜು ಡಯೋಡುಗಳನ್ನೂ ಜಿಪಿಎಸ್ಸನ್ನೂ ಸುಡಬಲ್ಲದು, ಒಂದು ಮೀಟರಿನಿಂದ ಆ ಕೆಲಸ ಆಗುತ್ತದೆ. ಮತ್ತು ಪ್ರತಿದಿನ ಕೀ ತಿರುಗಿಸಿದ ಮೇಲೆ, ಎಂಜಿನ್ ಶುರು ಮಾಡುವ ಮೊದಲು, ಒಂದು ಉಸಿರು ನಿಂತು ಆ ಕೆಂಪು ದೀಪ ಹೊತ್ತಿತೇ ನೋಡಿ. ಹೊತ್ತದಿದ್ದರೆ ಅದನ್ನು ಸರಿ ಮಾಡಿದ ಮೇಲೆಯೇ ಹಗ್ಗ ಬಿಚ್ಚಿ.